ಕುಸುಬಿ ಎಣ್ಣೆಯ ಪಿಸ್ತೂಲು

ಸಂಬಂಧಿಕರ ಮದುವೆಯ ಫೋಟೋಗಳು ಮೊಬೈಲಿಗೆ ಬಂದಿದ್ದವು. ಊಟ ಮುಗಿಸಿ ಕೂತು ಒಂದೊಂದಾಗಿ ನೋಡುತ್ತಿದ್ದೆ. ಇಂಥ ಫೋಟೋಗಳಲ್ಲಿ ಹೆಂಗಸರು ಮೊದಲು ನೋಡುವುದು ತಮ್ಮನ್ನೇ, ಆಮೇಲೆ ತಮ್ಮ ಸೀರೆಯನ್ನು. ಮದುಮಕ್ಕಳ ಸರದಿ ಬರುವುದು ಬಹಳ ತಡವಾಗಿ. ನಾನೂ ಹಾಗೆಯೇ ನೋಡಿದೆ. ನೋಡಿದರೆ ಎಲ್ಲ ಫೋಟೋಗಳಲ್ಲೂ ನನ್ನ ಎಡಗೈ ಒಂದೇ ಕಡೆ ಇದೆ. ಹೆಗಲಿಗೆ ನೇತುಬಿದ್ದ ವ್ಯಾನಿಟಿ ಬ್ಯಾಗಿನ ತಳವನ್ನು ಭದ್ರವಾಗಿ ಹಿಡಿದುಕೊಂಡಿದೆ. ಅಕ್ಷತೆ ಹಾಕುವಾಗ, ಎಲೆಯ ಮುಂದೆ ಕೂತಾಗ, ಯಾರದೋ ಕೂಸನ್ನು ಎತ್ತಿಕೊಂಡಾಗಲೂ ಅಷ್ಟೇ. ಕೂಸು ಬಲಗೈ ಮೇಲೆ ಜೋತುಬಿದ್ದಿದೆ, ಎಡಗೈ ಬ್ಯಾಗಿಗೆ ಮೀಸಲು.

“ಕೂಸಿನಕಿಂತಾ ಬ್ಯಾಗ್ ಜ್ವಾಕಿ ಮಾಡೀಯಲ್ಲ, ಅದರಾಗೇನು ಬಂಗಾರ ಇತ್ತೇನು?” ಎಂದು ನಮ್ಮವರು ಕೇಳಿದರು. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ಅವರ ಹುಟ್ಟುಗುಣ. ಆವತ್ತು ಬ್ಯಾಗಿನಲ್ಲಿ ಇದ್ದದ್ದು ಒಂದು ಬಾಚಣಿಗೆ, ಚಾರ್ಜರು, ಮತ್ತು ಮದುವೆಯಲ್ಲಿ ಕೊಟ್ಟ ತೆಂಗಿನಕಾಯಿ. ಆದರೆ ಅದು ಕೈಗೆ ಗೊತ್ತಿರಬೇಕಲ್ಲ! ಕೈ ಇನ್ನೂ ಹಳೆಯ ನೌಕರಿಯಲ್ಲೇ ಇದೆ.

ಹಳೆಯ ನೌಕರಿ ಎಂದರೆ ಪಿಸ್ತೂಲು ಕಾಯುವುದು. ನೀವು ಸರಿಯಾಗಿಯೇ ಓದಿದಿರಿ. ಜಿರಳೆ ಕಂಡರೆ ಕುರ್ಚಿ ಹತ್ತುವ, ಕುಕ್ಕರಿನ ಸೀಟಿಗೂ ಬೆಚ್ಚುವ ನಾನು ಕೆಲವು ವರ್ಷ ಸರ್ಕಾರದ ಪರವಾನಗಿ ಪಡೆದು ಒಂದು ಪಿಸ್ತೂಲು ಇಟ್ಟುಕೊಂಡಿದ್ದೆ. ಪಾಯಿಂಟ್ ಟೂ ಫೈವ್ ಬೋರಿನದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸಾಬೂನಿನ ಡಬ್ಬಿಯಲ್ಲಿ ಹಿಡಿಸುತ್ತಿತ್ತು ಎಂದರೆ ನಂಬಿ. ಈಗ ಅದು ನನ್ನಲ್ಲಿ ಇಲ್ಲ, ಬೇರೆ ಯಾರದೋ ಮನೆ ಸೇರಿದೆ. ಅಲ್ಲಿ ಅದಕ್ಕೆ ಯಾವ ಎಣ್ಣೆ ಹಚ್ಚುತ್ತಾರೋ ದೇವರೇ ಬಲ್ಲ.

ನನಗೆ ಪಿಸ್ತೂಲಿನ ಆಸೆ ಚಿಕ್ಕಂದಿನಲ್ಲಿ ಒಮ್ಮೆ ಬಂದು ಹೋಗಿತ್ತು. ಗದಗಿನಲ್ಲಿ ದೀಪಾವಳಿಗೆ ನಮ್ಮಪ್ಪ ಅಣ್ಣನಿಗೆ ಟಿಕಳಿ ಪಿಸ್ತೂಲು, ನನಗೆ ಸುರಸುರಬತ್ತಿ ತರುತ್ತಿದ್ದರು. ಮದ್ದಿನ ಚುಕ್ಕೆಗಳಿರುವ ಕೆಂಪು ಕಾಗದದ ಟಿಕಳಿ ಸುರುಳಿಯನ್ನು ಅಣ್ಣ ಪಿಸ್ತೂಲಿನ ಹೊಟ್ಟೆಗೆ ಹಾಕಿ ಓಣಿಯ ನಾಯಿಗಳನ್ನೆಲ್ಲ ಗಡಿಪಾರು ಮಾಡುತ್ತಿದ್ದ. ನಾನು ಕೇಳಿದರೆ ಅಜ್ಜಿ, “ಹೆಣ್ಣ ಹುಡುಗಿಗ್ಯಾಕ ಪಿಸ್ತೂಲಾ? ಕಟ್ಟಿ ಮ್ಯಾಲೆ ಕುಂತು ಕಲ್ಲಿಲೆ ಜಜ್ಜು” ಎನ್ನುತ್ತಿದ್ದಳು. ಕಲ್ಲಿನಿಂದ ಜಜ್ಜಿದ ಟಿಕಳಿಯೂ ಅಷ್ಟೇ ಸಪ್ಪಳ ಮಾಡುತ್ತದೆ, ಅಷ್ಟೇ ಘಾಟು ಬರುತ್ತದೆ. ಆದರೆ ನಾಯಿಗಳು ಮಾತ್ರ ಓಡುವುದಿಲ್ಲ. ಕಟ್ಟೆಯ ಮೇಲೆ ಕೂತು ಕಲ್ಲು ಜಜ್ಜುವ ಹುಡುಗಿಗೆ ಯಾವ ನಾಯಿ ತಾನೆ ಹೆದರೀತು?

ಆಮೇಲೆ ಓದು, ಬ್ಯಾಂಕಿನ ನೌಕರಿ, ಮದುವೆ. ನಮ್ಮವರಿಗೆ ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ವಸ್ತ್ರಾಪುರದಲ್ಲಿ ಮನೆ. ನನ್ನ ಬ್ಯಾಂಕು ಮಾತ್ರ ನನ್ನನ್ನು ಗುಜರಾತಿನ ತುಂಬ ಅಡ್ಡಾಡಿಸಿತು. ಒಂದಷ್ಟು ಕಾಲ ಸೂರತ್ತಿನ ಉಧ್ನಾದಲ್ಲಿದ್ದೆ. ಬಟ್ಟೆ ಗಿರಣಿಗಳ ಊರು, ಬಣ್ಣದ ನೀರಿನ ವಾಸನೆ, ಸೀರೆ ಗಂಟು ಹೊತ್ತ ಟೆಂಪೋಗಳು. ನನಗೆ ಆ ಗದ್ದಲ ಸೇರುತ್ತಿತ್ತು. ಹುಬ್ಬಳ್ಳಿಯ ಸಂತೆಗೆ ಹೋದ ಹಾಗೆ ಇರುತ್ತಿತ್ತು.

ಅಲ್ಲಿಯೇ ಒಂದು ದಿನ, ಸ್ಟೇಷನ್ನಿನ ಹೊರಗೆ, ಹಾಡುಹಗಲು, ಹಿಂದಿನಿಂದ ಬಂದ ಬೈಕಿನವನೊಬ್ಬ ನನ್ನ ಬ್ಯಾಗಿಗೆ ಕೈ ಹಾಕಿದ. ಬ್ಯಾಗಿನ ಪಟ್ಟಿ ಅಡ್ಡ ಹಾಕಿಕೊಂಡಿದ್ದೆ. ಹರಿಯಲಿಲ್ಲ. ಬ್ಯಾಗಿನ ಜೊತೆ ನಾನೂ ಹೋದೆ. ರಸ್ತೆಯ ಮೇಲೆ ಎಷ್ಟು ದೂರ ಎಳೆದನೋ ನನಗೆ ನೆನಪಿಲ್ಲ, ಎಡಗೈಯ ಮೊಣಕೈ ಮುರಿದದ್ದು ನೆನಪಿದೆ. ಕೊನೆಗೆ ಪಟ್ಟಿ ಹರಿಯಿತು, ಅವನು ಹೋದ. ಮುಖ ನೋಡಲಿಲ್ಲ. ಹೆಲ್ಮೆಟ್ ಹಾಕಿದ್ದ. ಸಂಚಾರ ನಿಯಮ ಪಾಲಿಸುವ ಕಳ್ಳ ಎಂದು ಆಮೇಲೆ ನಗೆಯಾಡಿದ್ದೇನೆ. ಆದರೆ ಆಗ ನಗು ಬರಲಿಲ್ಲ.

ಮೂಳೆ ಕೂಡಿತು, ಮನಸ್ಸು ಕೂಡಲಿಲ್ಲ. ನನ್ನನ್ನು ಅಹಮದಾಬಾದಿನ ಮಣಿನಗರದ ಶಾಖೆಗೆ ವರ್ಗ ಮಾಡಿದರು. ಆದರೂ ನಾನು ಒಬ್ಬಳೇ ಬೀದಿಗೆ ಇಳಿಯಲಾರದವಳಾದೆ. ಬೆನ್ನ ಹಿಂದೆ ಬೈಕಿನ ಸದ್ದು ಕೇಳಿದರೆ ಗೋಡೆಗೆ ಅಂಟಿ ನಿಲ್ಲುತ್ತಿದ್ದೆ. ಮನೆಯೆದುರಿನ ಕೆರೆಯ ಸುತ್ತ ನಡೆಯಲೂ ನಮ್ಮವರು ಜೊತೆಗೆ ಬೇಕು. ಹಾಲು ತರಲೂ ಅವರೇ ಹೋಗಬೇಕು. ಅವರು ತಮ್ಮ ಸಂಸ್ಥೆಯಲ್ಲಿ ಏನನ್ನೋ ಮೇಲಕ್ಕೆ ಹಾರಿಸುವ ಲೆಕ್ಕ ಹಾಕುವವರು. ಹೆಂಡತಿಯನ್ನು ಮೆಟ್ಟಿಲು ಇಳಿಸುವ ಲೆಕ್ಕ ಅವರಿಗೆ ಹತ್ತಲಿಲ್ಲ. ಕೊನೆಗೆ ಒಂದು ದಿನ, “ನಿನಗೊಂದು ಪಿಸ್ತೂಲಿಗೆ ಅರ್ಜಿ ಹಾಕೂಣು” ಎಂದರು. ಚೇಷ್ಟೆ ಎಂದುಕೊಂಡೆ. ಅಲ್ಲ, ಅರ್ಜಿಯನ್ನೇ ತಂದಿದ್ದರು.

ಆತ್ಮರಕ್ಷಣೆಗೆ ಪರವಾನಗಿ ಬೇಕಾದರೆ ನಿಮ್ಮ ಜೀವಕ್ಕೆ ಅಪಾಯ ಇದೆಯೆಂದು ತೋರಿಸಬೇಕು. ವಿಚಾರಣೆಗೆ ಪೊಲೀಸರು ನಮ್ಮ ಸೊಸೈಟಿಗೆ ಬಂದರು. ಪಕ್ಕದ ಮನೆಯ ಹಂಸಾಬೆನ್‌ರನ್ನು, “ಸುಧಾಬೆನ್‌ಗೆ ಯಾರಾದರೂ ದುಶ್ಮನ್ ಇದ್ದಾರೆಯೇ?” ಎಂದು ಕೇಳಿದರು. ಹಂಸಾಬೆನ್‌ಗೆ ಸಿಟ್ಟು ಬಂತು. ನನ್ನ ಚಾರಿತ್ರ್ಯಕ್ಕೇ ಕಳಂಕ ತಂದರೆಂದು ಭಾವಿಸಿದರು. “ಸುಧಾಬೆನ್‌ಗೆ ದುಶ್ಮನ್? ನೀರಿನ ಮೋಟರಿನ ಜಗಳದಲ್ಲಿ ಸೊಸೈಟಿಯವರೆಲ್ಲ ಮಾತು ಬಿಟ್ಟಾಗಲೂ ಆಕೆ ಎಲ್ಲರ ಮನೆಗೂ ಚಟ್ನಿಪುಡಿ ಕೊಟ್ಟಿದ್ದಾಳೆ. ಆಕೆಯ ಕೂದಲು ಮುಟ್ಟುವವರು ಇಡೀ ಅಮ್ದಾವಾದಿನಲ್ಲಿ ಇಲ್ಲ” ಎಂದು ಬರೆಸಿದರು. ಮೇಲೆ ಚಹಾ ಕುಡಿಸಿ ಕಳಿಸಿದರು. ಒಳ್ಳೆಯ ನೆರೆಹೊರೆ ಇದ್ದರೆ ಪರವಾನಗಿ ಸಿಗುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ತಿಳಿಯಿತು.

ಸಂದರ್ಶನದಲ್ಲಿ ಅಧಿಕಾರಿಗಳು ಹಂಸಾಬೆನ್‌ರ ಹೇಳಿಕೆ ಓದಿ, “ಹಾಗಾದರೆ ನಿಮಗೆ ಭಯ ಯಾರಿಂದ?” ಎಂದು ಕೇಳಿದರು. ಮನೆಯಲ್ಲಿ ನಮ್ಮವರು ಒಂದು ಉತ್ತರ ಬಾಯಿಪಾಠ ಮಾಡಿಸಿದ್ದರು. ಬ್ಯಾಂಕಿನ ತಿಜೋರಿಯ ಬೀಗದ ಕೈ ನನ್ನ ಜವಾಬ್ದಾರಿಯಲ್ಲಿದೆ, ಹಿಂದೆ ದಾಳಿ ಆಗಿದೆ, ಹೀಗೆ. ಅದೆಲ್ಲ ಮರೆತುಹೋಯಿತು. “ಹಿಂದಿನಿಂದ ಬರುವ ಎಲ್ಲರಿಂದ, ಸಾಹೇಬ್” ಎಂದುಬಿಟ್ಟೆ. ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ಅವರು ನನ್ನ ವಕ್ರ ಮೊಣಕೈಯನ್ನು ಒಂದು ಸಲ ನೋಡಿ ಕಾಗದ ಮಗುಚಿದರು. ಕೆಲವು ತಿಂಗಳ ಮೇಲೆ ಪರವಾನಗಿ ಬಂತು.

ಹಳೇ ಪಟ್ಟಣದಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಒಬ್ಬ ವೃದ್ಧರ ಹತ್ತಿರ ಈ ಚಿಕ್ಕ ಪಿಸ್ತೂಲು ಕೊಂಡೆವು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾವೂ ಅಂದೆವು. ತರಬೇತಿಗೆ ಹೋಗಿ ಗುರಿ ಹೊಡೆಯುವುದನ್ನೂ ಕಲಿತೆ. ಕಲಿಸಿದ ಮಾಜಿ ಸೈನಿಕರು, “ಮೇಡಂ, ಕಣ್ಣು ಮುಚ್ಚಿ ಹೊಡೆದರೆ ವೈರಿಗೆ ಅನುಕೂಲ” ಎಂದು ಹೇಳಿ ಹೇಳಿ ಸೋತರು. ಬಿಚ್ಚಿ, ಒರೆಸಿ, ಅದರದೇ ಎಣ್ಣೆ ಹಾಕಿ ಇಡಬೇಕೆಂದೂ ಹೇಳಿಕೊಟ್ಟರು. ನಾನು ತಲೆಯಾಡಿಸಿ ಬಂದೆ. ಬಂದ ಮೇಲೆ ಅದನ್ನು ಬ್ಯಾಗಿನಿಂದ ಕಪಾಟಿಗೆ, ಕಪಾಟಿನಿಂದ ಬ್ಯಾಗಿಗೆ ಮಡಿಬಟ್ಟೆಯಂತೆ ಎತ್ತಿಟ್ಟದ್ದು ಬಿಟ್ಟರೆ ಬಿಚ್ಚುವ ಧೈರ್ಯ ಮಾಡಲಿಲ್ಲ.

ಪಿಸ್ತೂಲು ಇದ್ದವರ ಪಾಡು ಇಲ್ಲದವರಿಗೆ ಹೇಳಿದರೆ ತಿಳಿಯುವುದಿಲ್ಲ. ಮಾಲಿನ ಬಾಗಿಲಲ್ಲಿ ಬ್ಯಾಗು ತೆಗೆದು ನೋಡುತ್ತಾರೆ, ಹಾಗಾಗಿ ಮಾಲು ಬಂದ್. ಸಿನಿಮಾ ಬಂದ್. ನವರಾತ್ರಿಯ ಗರಬಾ ಮೈದಾನ ಬಂದ್. ನನಗೆ ಉಳಿದದ್ದು ಬ್ಯಾಂಕು, ಕೆರೆ, ತರಕಾರಿ ಮಾರುಕಟ್ಟೆ. ಬ್ಯಾಂಕಿನಲ್ಲಿ ಹೋದ ಕೂಡಲೇ ಅದನ್ನು ಲಾಕರಿನಲ್ಲಿ ಇಡುತ್ತಿದ್ದೆ. ಉದ್ದ ಬಂದೂಕು ಹಿಡಿದು ಬಾಗಿಲಲ್ಲಿ ಕೂರುತ್ತಿದ್ದ ನಮ್ಮ ಗಾರ್ಡು, “ನಿಮ್ಮದು ನನ್ನದರ ಮೊಮ್ಮಗಳು, ಮೇಡಂ” ಎಂದು ನಗುತ್ತಿದ್ದರು. ತರಕಾರಿಯವಳದು ಬೇರೆ ಕಾಟ. ಅಹಮದಾಬಾದಿನಲ್ಲಿ ತರಕಾರಿ ಕೊಂಡರೆ ಕೊತ್ತಂಬರಿ ಪುಕ್ಕಟೆ. ಅವಳು ಪ್ರೀತಿಯಿಂದ ಒಂದು ಹಿಡಿ ಕೊತ್ತಂಬರಿಯನ್ನು ನನ್ನ ತೆರೆದ ಬ್ಯಾಗಿನೊಳಗೇ ತುರುಕಲು ಬರುತ್ತಿದ್ದಳು. ನಾನು ಹೌಹಾರಿ ಬ್ಯಾಗು ಎಳೆದುಕೊಳ್ಳುತ್ತಿದ್ದೆ. ಪುಕ್ಕಟೆ ಕೊತ್ತಂಬರಿ ಬೇಡವೆನ್ನುವ ಹೆಂಗಸನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ.

ನಗಬೇಡಿ. ಅದು ನನಗೆ ಕೊಟ್ಟದ್ದನ್ನೂ ಹೇಳಬೇಕು. ಪಿಸ್ತೂಲು ಬಂದ ಮೇಲೆ ನಾನು ಒಬ್ಬಳೇ ಮೆಟ್ಟಿಲು ಇಳಿದೆ. ಮೊದಲು ಕೆರೆಯ ತನಕ, ಆಮೇಲೆ ಕೆರೆಯ ಸುತ್ತ. ಬಸ್ಸು ಹತ್ತಿ ಮಣಿನಗರಕ್ಕೆ ಹೋಗತೊಡಗಿದೆ. ಎಡಗೈ ಬ್ಯಾಗಿನ ತಳದಲ್ಲಿ, ಒಳಗಿನ ಗಟ್ಟಿ ವಸ್ತು ಕೈಗೆ ಹತ್ತುತ್ತಿದ್ದರೆ ಉಸಿರು ಸರಾಗ. ಹಾಲು ತರುವ ಕೆಲಸ ಮತ್ತೆ ನನ್ನದಾಯಿತು. ಹೇಳಲು ನಾಚಿಕೆಯಿಲ್ಲ, ಮೊದಲ ದಿನ ಹಾಲು ತಂದಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಖುಷಿಗೆ ಅತ್ತಿದ್ದೇನೆ.

ಇನ್ನು ಅತ್ತೆಯವರನ್ನು ಪರಿಚಯಿಸಬೇಕು. ನಮ್ಮತ್ತೆ ಬಾಗಲಕೋಟೆಯವರು. ಮಗನ ಜೊತೆ ಅಹಮದಾಬಾದಿಗೆ ಬಂದು ವರ್ಷಗಳೇ ಆದರೂ ಎರಡು ವಿಷಯಗಳಲ್ಲಿ ಗುಜರಾತಿಗೆ ಸೋತವರಲ್ಲ. ಒಂದು, ಸಾರಿಗೆ ಬೆಲ್ಲ ಚೂರೇ ಚೂರು ಹಾಕಬೇಕು. ಎರಡು, ಎಣ್ಣೆ ಎಂದರೆ ಕುಸುಬಿ ಎಣ್ಣೆ. ವರ್ಷಕ್ಕೊಮ್ಮೆ ಊರಿನ ಗಾಣದಿಂದ ಡಬ್ಬಿ ಬರಲೇಬೇಕು. ಅದೇ ಒಗ್ಗರಣೆಗೆ, ಅದೇ ಬಾಗಿಲ ಕೀಲಿಗೆ, ಅದೇ ಹೊಲಿಗೆ ಯಂತ್ರಕ್ಕೆ, ಅದೇ ಮೊಣಕಾಲಿಗೆ.

ನಮ್ಮ ಕಡೆ ಖಂಡೇನವಮಿ ಎಂದರೆ ಸಾಮಾನ್ಯ ಹಬ್ಬವಲ್ಲ. ಮನೆಯ ಈಳಿಗೆ, ಕತ್ತರಿ, ಸ್ಪ್ಯಾನರು, ನಮ್ಮವರ ಲ್ಯಾಪ್‌ಟಾಪು, ಎಲ್ಲವೂ ದೇವರ ಮುಂದೆ ಸಾಲಾಗಿ ಕೂರಬೇಕು. ನಿಜವಾದ ಆಯುಧ ಮನೆಗೆ ಬಂದದ್ದು ಅತ್ತೆಗೆ ಹೇಳತೀರದ ಸಂಭ್ರಮ. “ಇಷ್ಟು ವರ್ಷ ಬರೀ ಈಳಿಗಿ, ಸುತ್ತಿಗಿ ಇಟ್ಟು ಖಂಡೇ ಪೂಜಿ ಅಂದ್ವಿ. ಈ ಸಲ ಖರೇ ಖಂಡೇ ಬಂತು ನೋಡ್ರಿ” ಎಂದರು. ನಾನು ಗುಂಡುಗಳನ್ನು ತೆಗೆದು ಬೀಗ ಹಾಕಿಟ್ಟು, ಪಿಸ್ತೂಲನ್ನು ಪೂಜೆಗೆ ಕೊಟ್ಟು ಹೋಳಿಗೆಯ ಕೆಲಸಕ್ಕೆ ಒಳಗೆ ಹೋದೆ. ಬಂದು ನೋಡುವಷ್ಟರಲ್ಲಿ ಅದು ಅರಿಶಿನ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಮುಡಿದು, ಲ್ಯಾಪ್‌ಟಾಪಿನ ಪಕ್ಕ ಮದುಮಗಳಾಗಿ ಕೂತಿತ್ತು. ಮರುದಿನ ದಸರೆ. ಅಹಮದಾಬಾದಿಗೆ ಅಹಮದಾಬಾದೇ ಫಾಫಡಾ ಜಲೇಬಿಯ ಸಾಲಿನಲ್ಲಿ ನಿಂತಿದ್ದರೆ ನಮ್ಮವರು ಅತ್ತೆಯ ಅಪ್ಪಣೆಯಂತೆ ಬನ್ನಿ ಎಲೆ ಹುಡುಕುತ್ತಿದ್ದರು. ಪಿಸ್ತೂಲಿಗೂ ಬನ್ನಿ ಕೊಟ್ಟು, “ಬಂಗಾರದಂಗ ಇರು” ಎಂದು ಹರಸಿದ ಮೇಲೆಯೇ ನನ್ನ ಕೈಗೆ ಬಂತು. ಪ್ರತಿವರ್ಷವೂ ಹೀಗೆಯೇ ನಡೆಯಿತು.

ಇಂಥ ಒಂದು ದಸರೆ ಕಳೆದ ಮೇಲೆ, ಚಳಿ ಮುಗಿಯುವ ಹೊತ್ತಿಗೆ, ಬ್ಯಾಂಕಿನ ಕೆಲಸಕ್ಕೆ ಒಬ್ಬಳೇ ವಡೋದರಾಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ನಡೆದುಕೊಂಡು ಹೋಗುತ್ತಿದ್ದೆ. ಮುಂದೆ ಕಾಲೇಜಿನ ಹುಡುಗಿಯೊಬ್ಬಳು ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೋಗುತ್ತಿದ್ದಳು. ಒಂದು ಬೈಕು ನನ್ನನ್ನು ದಾಟಿ ಹೋಗಿ ಅವಳ ಪಕ್ಕ ನಿಧಾನವಾಯಿತು. ಬೈಕಿನವನು ಅವಳ ಬ್ಯಾಗಿಗೆ ಕೈ ಹಾಕಿ ಎಳೆದ. ಅವಳು ಕೂಗಲಿಲ್ಲ. ಆ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ ಎಂಬುದು ನನಗೆ ಗೊತ್ತು. ಕೂಗಿದವಳು ನಾನು. “ಏ ಭಾಡ್ಯಾ, ಬಿಡಲೇ! ಕೈ ಕಡದ ಹಾಕ್ತೀನಿ!” ಎಂದು ಗದಗಿನ ಓಣಿಯ ಪೂರ್ಣ ಕಂಠದಲ್ಲಿ ಅರಚಿ, ಬಲಗೈ ಬ್ಯಾಗಿನೊಳಗೆ ತೂರಿಸಿ, ಎಡಗೈಯಲ್ಲಿ ಸೀರೆ ಎತ್ತಿ ಹಿಡಿದು ಅವನ ಮೇಲೆ ಓಡಿಹೋದೆ. ವಡೋದರಾದ ಕಳ್ಳನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ವಿಷಯ ಅರ್ಥವಾಯಿತು. ಬ್ಯಾಗು ಬಿಟ್ಟು ಬೈಕಿನ ಸಮೇತ ಓಟ ಕಿತ್ತ. ನಾನು ಪಿಸ್ತೂಲು ಹೊರಗೆ ತೆಗೆಯಲೇ ಇಲ್ಲ. ಹುಡುಗಿ ನನ್ನ ತೋಳು ಹಿಡಿದುಕೊಂಡಳು. ಅವಳನ್ನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಕೂರಿಸಿ ಕುಡಿಸಿದೆ. “ಆಂಟಿ, ತಮನೆ ಬೀಕ್ ನ ಲಾಗೀ?” ಎಂದಳು, ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು. ನಾನು ಬ್ಯಾಗನ್ನು ತಟ್ಟಿ ದೊಡ್ಡದಾಗಿ ನಕ್ಕೆ.

ಮುಂದಿನ ಮಳೆಗಾಲಕ್ಕೆ ಬಡ್ತಿ ಬಂತು. ಶಾಖೆಯ ಮ್ಯಾನೇಜರ್ ಹುದ್ದೆ. ಜೊತೆಗೆ ಉಧ್ನಾ ಕೂಡ ಬಂತು. ಬೇರೆ ಯಾವ ಊರೂ ಸಿಗಲಿಲ್ಲವೇ ಎಂದು ನಮ್ಮವರು ಕೈ ಹಿಸುಕಿಕೊಂಡರು. ಬೇಡವೆಂದರೆ ಬಡ್ತಿ ಕೈಬಿಡುತ್ತದೆ, ಮತ್ತೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇಡವೆಂದರೆ ಆ ಹೆಲ್ಮೆಟ್ಟಿನವನು ನನ್ನ ಬ್ಯಾಗಿನ ಜೊತೆ ಒಂದು ಇಡೀ ಊರನ್ನೇ ಕಸಿದುಕೊಂಡ ಹಾಗೆ. ನಾನು ಬ್ಯಾಗಿನ ತಳ ಮುಟ್ಟಿ ನೋಡಿಕೊಂಡು ಹೋಗುತ್ತೇನೆ ಎಂದೆ. ಹೊರಡುವ ಮೊದಲು ಒಮ್ಮೆ ಪಿಸ್ತೂಲನ್ನು ಕಾಕಾ ಅವರಿಗೆ ತೋರಿಸಿಬರೋಣ ಎಂದು ಇಬ್ಬರೂ ಹೋದೆವು.

ಕಾಕಾ ಅದನ್ನು ಕೈಗೆ ತೆಗೆದುಕೊಂಡು ಮೇಲಿನ ಭಾಗವನ್ನು ಹಿಂದಕ್ಕೆ ಎಳೆದರು. ಬರಲಿಲ್ಲ. ಗುಂಡು ಹಾರಿಸುವ ಕುದುರೆ ಒತ್ತಿದರು, ಅದೂ ಕದಲಲಿಲ್ಲ. ಕನ್ನಡಕ ಏರಿಸಿ, ಮೂಸಿ ನೋಡಿ, ಒಳಗೆ ಹೋಗಿ ಏನೇನೋ ಹಾಕಿ ನೆನೆಸಿ ಬಹಳ ಹೊತ್ತಿನ ಮೇಲೆ ಬಿಚ್ಚಿದರು. ಒಳಗೆಲ್ಲ ಹಳದಿ ಅಂಟು, ಮೆರುಗೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರೊಳಗೆ ಕುಂಕುಮ, ಗಂಧ, ಒಂದು ಅಕ್ಷತೆ ಕಾಳು.

“ಅರೆ ಬೆನ್, ಆಮಾಂ ಶುಂ ನಾಖ್ಯುಂ ಛೆ?” ಎಂದರು ಕಾಕಾ. ಇದರಲ್ಲಿ ಏನು ಹಾಕಿದ್ದೀರಿ ಎಂದು ಕೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಭಕ್ತಿಯೇ ಹೆಚ್ಚಿತ್ತು. ನಮ್ಮವರು ಅಲ್ಲಿಂದಲೇ ಮನೆಗೆ ಫೋನು ಹಚ್ಚಿದರು. ಅತ್ತೆ ಆ ಕಡೆಯಿಂದ, “ಕುಸುಬಿ ಎಣ್ಣಿ ಹಾಕೀನಿ, ಮತ್ತೇನ ಹಾಕ್ತಾರ? ಒಣಾ ಕಬ್ಬಣ ದೇವರ ಮುಂದ ಇಡಬಾರದು. ತೂತಿನ ಒಳಗೂ ಒಂದ ಚಮಚಾ ಬಿಟ್ಟೀನಿ, ವರ್ಷಾ ವರ್ಷಾ” ಎಂದು ನಿರ್ಮಲ ಮನಸ್ಸಿನಿಂದ ಹೇಳಿದರು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ, ಬಣ್ಣದವರು ಅದನ್ನು ಅದಕ್ಕೇ ಬಳಸುತ್ತಾರೆ ಎಂದು ನಮ್ಮವರು ನನಗೆ ವಿವರಿಸತೊಡಗಿದರು. ನನಗೆ ಅದು ಬೇಕಿರಲಿಲ್ಲ. “ಕಾಕಾ, ಎಷ್ಟು ದಿನದಿಂದ ಹೀಗಿದೆ?” ಎಂದೆ. ಕಳೆದ ದಸರೆಯ ಹೊತ್ತಿಗೇ ಇದರ ಕಥೆ ಮುಗಿದಿರಬೇಕು, ಒಳಗಿನ ಸ್ಪ್ರಿಂಗೂ ತುಂಡಾಗಿದೆ, ಹಳೆಯ ಮಾಲು, ಬಿಡಿಭಾಗ ಹುಡುಕಬೇಕು, ಬಿಟ್ಟುಹೋಗಿ ಎಂದರು.

ಕಳೆದ ದಸರೆ ಎಂದರೆ ವಡೋದರಾಕ್ಕೆ ಮೊದಲು. ಅಂದರೆ ಆವತ್ತು ನಾನು ಒಂದು ಕಬ್ಬಿಣದ ತುಂಡು ಹಿಡಿದುಕೊಂಡು ಕಳ್ಳನ ಮೇಲೆ ಹೋಗಿದ್ದೆ! ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲಿಯೇ ಬೆವರಿದೆ. ಆಗಿಹೋದ ಅಪಾಯಕ್ಕೆ ಹಿಂದಿನಿಂದ ಹೆದರುವುದೂ ಒಂದು ಹೆದರಿಕೆಯೇ.

ಮನೆಗೆ ಬಂದು, “ಅತ್ತಿ, ನಾ ಉಧ್ನಾಕ್ಕ ಹೋಗೂದಿಲ್ಲ” ಎಂದೆ.

“ಯಾಕ?”

“ಪಿಸ್ತೂಲು ಇಲ್ಲಲ್ಲ.”

“ಹ್ವಾದ ವರ್ಷದಿಂದ ಎಲ್ಲಿತ್ತವಾ?”

ನಮ್ಮವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. “ಹಂಗಾದ್ರ ಪೂಜಿ ಯಾಕ ಮಾಡಿದ್ರಿ? ಆಯುಧಾ ಕೆಡಿಸಲಿಕ್ಕೇನು?” ಎಂದು ಕೇಳಿಯೇಬಿಟ್ಟೆ. ಅತ್ತೆ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. “ಖಂಡೇ ಪೂಜಿ ಮಾಡೂದು ಗುಂಡ ಹಾರಲಿ ಅಂತಲ್ಲ ಸುಧಾ. ಹಾರಸೂ ಪ್ರಸಂಗ ಬರದಿರಲಿ ಅಂತ. ಬಂತೇನು? ಇಲ್ಲ. ನನ್ನ ಪೂಜಿ ಫಲ ಕೊಟ್ಟದ. ಆ ಕಳ್ಳ ಏನು ನಿನ್ನ ಪಿಸ್ತೂಲಾ ನೋಡಿದ್ನೇನು? ನಿನ್ನ ಬಾಯಿ ಕೇಳಿ ಓಡಿದ. ನಿನ್ನ ಬಾಯಿ ನನಗ ಗೊತ್ತಿಲ್ಲೇನು?”

ವಾದದಲ್ಲಿ ನಾನು ಸೋತೆ. ಆದರೆ ವಾದದಲ್ಲಿ ಸೋತರೆ ಭಯ ಹೋಗುತ್ತದೆಯೇ? ಆವತ್ತು ಇದ್ದ ಧೈರ್ಯ ನನ್ನದೇ ಇರಬಹುದು, ಆದರೆ ಇದೆ ಎಂದು ನಂಬಿದ್ದ ಪಿಸ್ತೂಲಿನಿಂದ ತಾನೆ ಅದು ಹೊರಗೆ ಬಂದದ್ದು? ಈಗ ಇಲ್ಲವೆಂದು ಗೊತ್ತಿದೆಯಲ್ಲ. ಹಾಗೆಂದು ಉಧ್ನಾವನ್ನು ಬಿಟ್ಟುಕೊಡಲು ಮನಸ್ಸೂ ಬರಲಿಲ್ಲ. ಕಾಕಾ ಹತ್ತಿರ ಪಿಸ್ತೂಲು ಬಿಟ್ಟು, ಹೆದರಿಕೆಯನ್ನು ಮಾತ್ರ ಕಟ್ಟಿಕೊಂಡು ರೈಲು ಹತ್ತಿದೆ. ಸೂರತ್ತಿನಲ್ಲಿ ಒಂದು ಚಿಕ್ಕ ಮನೆ ಹಿಡಿದೆ. ಅಲ್ಲಿಂದ ಉಧ್ನಾಕ್ಕೆ ಲೋಕಲ್ ರೈಲು, ಸ್ಟೇಷನ್ನಿನಿಂದ ಶಾಖೆಗೆ ನಡಿಗೆ.

ಬೆಳಿಗ್ಗೆಯ ನಡಿಗೆ ಹೇಗೋ ಸಾಗಿತು, ಜನ ಕಿಕ್ಕಿರಿದಿದ್ದರು. ಮೊದಲ ದಿನದ ಸಂಜೆ ಶಾಖೆಯ ಶಟರು ಎಳೆದ ಮೇಲೆ ನನಗೆ ಹೆಜ್ಜೆ ಬರಲಿಲ್ಲ. ಫೋನು ನೋಡುವ ನೆಪದಲ್ಲಿ ಅಲ್ಲೇ ನಿಂತೆ. ಜಿಗ್ನಾ ಎಂಬ ಹೊಸ ಕ್ಲರ್ಕ್ ಹುಡುಗಿ ಹತ್ತಿರ ಬಂದಳು. ನವಸಾರಿಯಿಂದ ದಿನಾ ಬಂದುಹೋಗುವವಳು. “ಮೇಡಂ, ಸ್ಟೇಷನ್ ಸುಧೀ ತಮಾರೀ ಸಾಥೆ ಆವುಂ?” ಎಂದು ಕೇಳಿ, ದನಿ ತಗ್ಗಿಸಿ, “ತಮಾರೀ ಪಾಸೆ ತೋ ಪಿಸ್ತೋಲ್ ಛೆ ನೆ” ಎಂದಳು. ನಿಮ್ಮ ಹತ್ತಿರ ಅದು ಇದೆಯಲ್ಲ, ನಿಮ್ಮ ಜೊತೆ ಬರಲೇ ಎಂದು. ಮಣಿನಗರದ ಸುದ್ದಿ ನನಗಿಂತ ಮೊದಲೇ ರೈಲು ಹತ್ತಿ ಉಧ್ನಾಕ್ಕೆ ಬಂದಿತ್ತು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. “ಚಾಲ್”, ನಡಿ ಎಂದೆ. ಅವಳಿಗೆ ನಾನು ಕಾವಲು, ನನಗೆ ಅವಳು ಕಾವಲು. ವ್ಯತ್ಯಾಸ ಇಷ್ಟೇ, ನನಗೆ ಎರಡೂ ಗೊತ್ತಿತ್ತು.

ಕೆಲವೇ ದಿನಗಳಲ್ಲಿ ಪಕ್ಕದ ಲೇಸಿನ ಅಂಗಡಿಯ ಭಾವನಾಬೆನ್ ಸೇರಿಕೊಂಡರು. ಅವರ ಹಿಂದೆ ಕಸೂತಿ ಕಾರ್ಖಾನೆಯ ಇಬ್ಬರು, ಒಬ್ಬರು ಶಾಲೆಯ ಟೀಚರು. ಸಂಜೆ ಶಾಖೆಯ ಮುಂದೆ ಹೆಂಗಸರ ಒಂದು ಗುಂಪು ನನಗಾಗಿ ಕಾಯತೊಡಗಿತು. ಟೆಂಪೋಗಳ ನಡುವೆ, ಸೀರೆ ಗಂಟುಗಳನ್ನು ದಾಟಿಕೊಂಡು, ನಾವು ರಸ್ತೆಯ ಅರ್ಧವನ್ನು ಆಕ್ರಮಿಸಿ ನಡೆಯುತ್ತಿದ್ದೆವು. ಭಾವನಾಬೆನ್ ಕಡಲೆಹಿಟ್ಟಿನ ಖಮಣ್ ತರುತ್ತಿದ್ದರು, ನಾನು ಅತ್ತೆಯ ಚಟ್ನಿಪುಡಿ. ಟೀಚರ ಸೊಸೆ, ಜಿಗ್ನಾಳ ವರಾನ್ವೇಷಣೆ, ನನ್ನ ಗುಜರಾತಿಯ ತಪ್ಪುಗಳು, ಎಲ್ಲದರ ತನಿಖೆ ಆ ದಾರಿಯಲ್ಲೇ ಮುಗಿಯುತ್ತಿತ್ತು. ನನಗೆ ಒಳಗೊಳಗೇ ಒಂದು ಕಳವಳ. ಇವರೆಲ್ಲ ಬರುವುದು ಪಿಸ್ತೂಲಿನ ಬಲದ ಮೇಲೆ. ಇಲ್ಲವೆಂದು ತಿಳಿದ ದಿನ ಗುಂಪು ಚದುರುತ್ತದೆ, ನಾನು ಮತ್ತೆ ಶಟರಿನ ಮುಂದೆ ಒಬ್ಬಳೇ ನಿಲ್ಲುತ್ತೇನೆ. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ಪರವಾನಗಿ ಇದ್ದವರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕು. ಸಂಜೆ ನಡೆಯುತ್ತ ಜಿಗ್ನಾ, “ಮೇಡಂ, ನಮ್ಮ ಪಪ್ಪಾ ನಿನ್ನೆ ಬಂದೂಕು ಠಾಣೆಗೆ ಕೊಟ್ಟುಬಂದರು. ನೀವೂ ಕೊಟ್ಟಿರಾ?” ಎಂದು ಕೇಳಿದಳು. ಎಲ್ಲರೂ ನನ್ನ ಬ್ಯಾಗನ್ನು ನೋಡಿದರು.

“ಕೊಡಲು ನನ್ನ ಹತ್ತಿರ ಇಲ್ಲ. ಉಧ್ನಾಕ್ಕೆ ಬಂದ ದಿನದಿಂದಲೂ ಇಲ್ಲ. ಅಹಮದಾಬಾದಿನ ಅಂಗಡಿಯಲ್ಲಿ ರಿಪೇರಿಗೆ ಬಿದ್ದಿದೆ” ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಅತ್ತೆಯ ಎಣ್ಣೆ, ಕುಂಕುಮ, ಅಕ್ಷತೆ, ಎಲ್ಲವನ್ನೂ ಮುರುಕು ಗುಜರಾತಿಯಲ್ಲಿ ಹೇಳಿಬಿಟ್ಟೆ. ಕೊನೆಗೆ, “ನನಗೂ ಒಬ್ಬಳೇ ನಡೆಯಲು ಹೆದರಿಕೆ. ಅದಕ್ಕೇ ನಿಮಗೆ ಹೇಳಲಿಲ್ಲ” ಎಂದೆ. ಬೈಯಲಿ, ಆದರೆ ನಾಳೆಯೂ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಭಾವನಾಬೆನ್ ಖಮಣ್‌ನ ಖಾಲಿ ಡಬ್ಬಿಯನ್ನು ಚೀಲಕ್ಕೆ ತುರುಕುತ್ತ ಎಲ್ಲರಿಗಿಂತ ಮೊದಲು ಮಾತಾಡಿದರು.

“ತೋ ಶುಂ ಥಯುಂ? ಚಾಲೋ ಚಾಲೋ, ಗಾಡೀ ಛೂಟೀ ಜಶೆ!”

ಇಲ್ಲದಿದ್ದರೆ ಏನಾಯಿತು, ನಡೆಯಿರಿ, ರೈಲು ತಪ್ಪುತ್ತದೆ. ಅಷ್ಟೇ. ಅದಕ್ಕಿಂತ ದೊಡ್ಡ ಪ್ರಶ್ನೆ ಆ ಸಂಜೆ ಅವರ ಮುಂದೆ ಇರಲಿಲ್ಲ. ಜಿಗ್ನಾ ಅತ್ತೆಯ ಎಣ್ಣೆಯನ್ನು ನೆನೆದು ಕಿಸಕ್ಕೆಂದಳು, ಟೀಚರಿಗೂ ತಡೆಯಲಾಗಲಿಲ್ಲ. ಅಷ್ಟು ಹೊತ್ತಿಗೆ ಲೋಕಲ್ಲಿನ ಕೂಗು ಕೇಳಿಸಿತು. ಸೆರಗು, ಚೀಲ, ಚಪ್ಪಲಿ ಹಿಡಿದು ಎಲ್ಲರೂ ಸ್ಟೇಷನ್ನಿನ ಕಡೆ ಓಡತೊಡಗಿದರು. ನಗುತ್ತ ಓಡಲು ನನಗೆ ಬರುವುದಿಲ್ಲ. ಎಲ್ಲರಿಗಿಂತ ಹಿಂದೆ ಬಿದ್ದೆ. ನನ್ನ ಹಿಂದೆ ಯಾರಿದ್ದರೋ, ನೋಡಲಿಲ್ಲ.